ದೀಪವಿಲ್ಲದ ಊರುಗಳು

ಒಂದು ಊರಿನ ಚರಿತ್ರೆಯನ್ನು ಬರೆಯಹೊರಟವನು ಮೊದಲು ಶಾಸನವನ್ನು ಹುಡುಕುತ್ತಾನೆ. ಶಾಸನ ಸಿಕ್ಕದಿದ್ದರೆ ಕೈಫಿಯತ್ತನ್ನು, ಅದೂ ಇಲ್ಲದಿದ್ದರೆ ಸ್ಥಳಪುರಾಣವನ್ನು. ಮೂರೂ ಇಲ್ಲದ ಊರಿಗೆ ಚರಿತ್ರೆಯೇ ಇಲ್ಲವೆಂದು ತಿಳಿದು ಮುಂದಿನ ಊರಿಗೆ ಹೊರಟುಬಿಡುತ್ತಾನೆ. ಹಾವೇರಿಯಲ್ಲಿ ಸಿದ್ಧೇಶ್ವರನ ಗುಡಿಯಿದೆ, ವರದೆಯು ತುಂಗಭದ್ರೆಯನ್ನು ಕೂಡುವ ಗಳಗನಾಥದಲ್ಲಿ ಗಳಗೇಶ್ವರನಿದ್ದಾನೆ, ಚೌಡಯ್ಯದಾನಪುರದಲ್ಲಿ ಮುಕ್ತೇಶ್ವರನಿದ್ದಾನೆ. ಇವುಗಳ ಕಲ್ಲುಗಳ ಮೇಲೆ ವಿದ್ವಾಂಸರ ಕಣ್ಣು ಬಿದ್ದು ನೂರು ವರ್ಷಕ್ಕೆ ಮೇಲಾಯಿತು. ಆದರೆ ಈ ಗುಡಿಗಳ ನಡುವೆ ಹರಡಿಕೊಂಡಿರುವ ಎರೆಯ ಹೊಲಗಳಿಗೂ, ಕೆರೆಯ ಏರಿಗಳಿಗೂ, ಬಂಡಿಯ ಜಾಡುಗಳಿಗೂ ಒಂದು ಚರಿತ್ರೆಯಿರಲೇಬೇಕಷ್ಟೆ? ಅದನ್ನು ಬರೆದವರಿಲ್ಲ, ಗೆರೆ ಎಳೆದು ಇಟ್ಟವರಿದ್ದಾರೆ. ಅದು ಹಳೆಯ ನಕಾಶೆಗಳಲ್ಲಿದೆ.

ಈ ಸೀಮೆಯಲ್ಲಿ ಇತಿಹಾಸವನ್ನು ಕಲಿಸುತ್ತ ಬಂದ ನನಗೆ ನಕಾಶೆಯ ಹುಚ್ಚು ಹಿಡಿದು ಬಹಳ ವರ್ಷಗಳಾದವು. ನಮ್ಮ ಉಪಯೋಗಕ್ಕೆ ಬರುವ ನಕಾಶೆಗಳು ಎರಡು ಬಗೆ. ಒಂದು, ಸರ್ವೆ ಆಫ್ ಇಂಡಿಯಾದವರು ಮೈಲಿಗೆ ಒಂದು ಅಂಗುಲದಂತೆ ತೆಗೆದ ಹಾಳೆ. ಗುಡ್ಡ, ಹೊಳೆ, ರಸ್ತೆ, ಊರುಗಳನ್ನು ಆಕಾಶದಿಂದ ಗರುಡ ಕಂಡಂತೆ ತೋರಿಸುವುದು. ಇನ್ನೊಂದು ಕಂದಾಯದವರ ಗ್ರಾಮ ನಕಾಶೆ. ಮೈಲಿಗೆ ಎಂಟು ಅಂಗುಲದ್ದು. ಒಂದೊಂದು ಹೊಲದ ಬದುವನ್ನೂ ತೋರಿಸುವುದು. ಮೊದಲನೆಯದು ಸೈನ್ಯಕ್ಕಾಗಿ, ಆಡಳಿತಕ್ಕಾಗಿ ಹುಟ್ಟಿತು; ಎರಡನೆಯದು ತೆರಿಗೆಗಾಗಿ. ಚರಿತ್ರೆಗಾಗಿ ಎರಡೂ ಹುಟ್ಟಲಿಲ್ಲ. ಅವು ನಂಬಿಕೆಗೆ ಅರ್ಹವಾಗಿರುವುದು ಇದರಿಂದಲೇ ಎಂದು ನನಗೆ ತೋರುತ್ತದೆ. ಯಾವ ಅರಸನನ್ನೂ ಹೊಗಳುವ ಹಂಗು ಅವಕ್ಕಿರಲಿಲ್ಲ.

ಅಂಗುಲದ ಹಾಳೆಯ ಸಂಖ್ಯೆಯನ್ನು ಓದಲು ಕಲಿಯದೆ ಈ ಕೆಲಸಕ್ಕೆ ಕೈ ಹಾಕಲಾಗದು. ಭೂಮಿಯ ಮೇಲಿನ ನಾಲ್ಕು ಡಿಗ್ರಿ ಅಗಲ, ನಾಲ್ಕು ಡಿಗ್ರಿ ಉದ್ದದ ಒಂದು ಚೌಕಕ್ಕೆ ಒಂದು ಅಂಕಿ. ನಮ್ಮ ಸೀಮೆಯದು ೪೮. ಅದನ್ನು ಹದಿನಾರು ಪಾಲು ಮಾಡಿ ಒಂದೊಂದಕ್ಕೆ ಒಂದೊಂದು ಅಕ್ಷರ, ನಮ್ಮದು 'ಎನ್'. ಆ ಪಾಲನ್ನೂ ಹದಿನಾರು ಮಾಡಿದರೆ ಹದಿನೈದು ಮಿನಿಟಿನ ಒಂದು ಹಾಳೆ. ಸುಮಾರು ಹದಿನೇಳು ಮೈಲಿಯ ನೆಲ ಅದರಲ್ಲಿ ಅಡಗುತ್ತದೆ. ಹಾವೇರಿಯು ೪೮ ಎನ್/೫ ರಲ್ಲಿ, ಬ್ಯಾಡಗಿಯು ೪೮ ಎನ್/೬ ರಲ್ಲಿ, ರಾಣೆಬೆನ್ನೂರು ೪೮ ಎನ್/೧೦ ರಲ್ಲಿ ಬರುತ್ತವೆ. ನೆರೆಹೊರೆಯ ಮೂರು ಊರುಗಳು ಮೂರು ಹಾಳೆಗಳಲ್ಲಿ! ಹಾವೇರಿ ತನ್ನ ಹಾಳೆಯ ಕೆಳಗಂಚಿಗೆ ಸರಿದಿದೆ. ಬ್ಯಾಡಗಿ ತನ್ನದರ ಬಲಗಂಚಿಗೆ ಒತ್ತಿ ನಿಂತಿದೆ. ಆದ್ದರಿಂದ ಐದರ ಕೆಳಗೆ ಆರನ್ನೂ ಆರರ ಬಲಕ್ಕೆ ಹತ್ತನ್ನೂ ಜೋಡಿಸಿ, ನಡುಮನೆಯಲ್ಲಿ ಹಾಸಿಕೊಂಡು, ಮೊಣಕಾಲೂರಿ ಕುಳಿತು ನೋಡಬೇಕು. ಮನೆಯವರು ನಗುತ್ತಾರೆ, ನಗಲಿ.

ಹಾಗೆ ಕುಳಿತವನಿಗೆ ಮೊದಲು ಕಾಣುವುದು ಎರಡು ಗೆರೆಗಳ ಅಗಲಿಕೆ. ಪುಣೆಯಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯು ಹಾವೇರಿಯನ್ನು ಬಿಟ್ಟು ಮೋಟೆಬೆನ್ನೂರಿನ ಮೇಲೆ ಹಾಯ್ದು ರಾಣೆಬೆನ್ನೂರನ್ನು ಸೇರುತ್ತದೆ. ಬ್ಯಾಡಗಿಯನ್ನು ಅದು ಮುಟ್ಟುವುದೇ ಇಲ್ಲ. ೧೮೮೦ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯವರು ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಹಾಕಿದ ಹಳಿ ಮಾತ್ರ ಬ್ಯಾಡಗಿಯನ್ನು ಒಳಗೆ ಮಾಡಿಕೊಂಡು ಹೋಯಿತು. ರಸ್ತೆ ಮೋಟೆಬೆನ್ನೂರಿಗೆ, ರೈಲು ಬ್ಯಾಡಗಿಗೆ. ಒಂದು ಊರು ಪೇಟೆಯಾಗುವುದು, ಪಕ್ಕದ ಊರು ಹಳ್ಳಿಯಾಗಿಯೇ ಉಳಿಯುವುದು ಹಣೆಬರಹವೆಂದು ನಾವು ತಿಳಿಯುತ್ತೇವೆ. ಆ ಹಣೆಬರಹದಲ್ಲಿ ಇಂಜಿನಿಯರನ ಸೀಸದಕಡ್ಡಿಯದೂ ಒಂದು ಪಾಲಿದೆ. ೨೦೧೧ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಕೀರ್ತಿಗೆ ಅದರ ಬಣ್ಣ ಎಷ್ಟು ಕಾರಣವೋ, ಪೇಟೆಯ ಬಾಗಿಲಿಗೆ ಬಂದ ಹಳಿಯೂ ಸ್ವಲ್ಪ ಮಟ್ಟಿಗೆ ಕಾರಣವೆಂದು ನಾನು ಎಣಿಸುತ್ತೇನೆ.

ವಿದ್ಯಾರ್ಥಿಗಳು ಹಳೆಯ ಹಾಳೆಗಳಲ್ಲಿ 'ಹಾವೇರಿ ತಾಲ್ಲೂಕು' ಎಂದು ಹುಡುಕಿ ಸೋತು ಬರುವುದನ್ನು ನೋಡಿದ್ದೇನೆ. ಅದು ಸಿಕ್ಕುವುದಿಲ್ಲ. ಮುಂಬಯಿ ಇಲಾಖೆಯ ಕಾಲದಲ್ಲಿ ಆ ತಾಲ್ಲೂಕಿಗೆ ಕರ್ಜಗಿ ಎಂದು ಹೆಸರು. ಮುಖ್ಯ ಠಾಣೆ ಹಾವೇರಿಯೇ ಆಗಿದ್ದರೂ ಕಾಗದಪತ್ರಗಳಲ್ಲಿ ಮೆರೆದುದು ಇಂದು ಒಂದು ಹಳ್ಳಿಯಾಗಿರುವ ಕರ್ಜಗಿ. ಬ್ಯಾಡಗಿ ಆಗ ರಾಣೆಬೆನ್ನೂರು ತಾಲ್ಲೂಕಿನೊಳಗಿನ ಒಂದು ಪಟ್ಟಣ. ಇಂದಿನ ಹಿರೇಕೆರೂರು ತಾಲ್ಲೂಕನ್ನು ಕೋಡ ತಾಲ್ಲೂಕೆಂದು ಬರೆಯುತ್ತಿದ್ದರು. ಸವಣೂರು ನವಾಬರ ಸಂಸ್ಥಾನ. ೧೯೪೮ರಲ್ಲಿ ವಿಲೀನವಾಗುವ ತನಕ ಅದರ ಗಡಿ ನಕಾಶೆಯಲ್ಲಿ ಬೇರೆಯಾಗಿ ಕಾಣುತ್ತಿತ್ತು. ಇವೆಲ್ಲ ಧಾರವಾಡ ಜಿಲ್ಲೆಗೆ ಹೊಂದಿದ್ದವು. ೧೯೫೬ರಲ್ಲಿ ಮೈಸೂರು ರಾಜ್ಯಕ್ಕೆ ಬಂದವು. ೧೯೯೭ರಲ್ಲಿ ಹಾವೇರಿಯೇ ಜಿಲ್ಲೆಯಾಯಿತು. ಹೊಲ ಕದಲಲಿಲ್ಲ, ವಿಳಾಸ ಬದಲಾಯಿತು.

ಹೊಳೆಯ ಸಂಗತಿಯನ್ನೂ ಇಲ್ಲಿ ಹೇಳಬೇಕು. ತುಂಗಭದ್ರೆಯ ಆಚೆಯ ದಡದ ಹರಿಹರ ಮೈಸೂರಿಗೆ ಸೇರಿದ್ದು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಕೂಡಲೆ ಕಾಲಿನ್ ಮೆಕೆಂಜಿ ಆ ನಾಡನ್ನು ಅಳೆಯತೊಡಗಿದನು. ಗೆರೆಯ ಜೊತೆಗೆ ಕತೆಯನ್ನೂ ಕೇಳುವ, ಕೈಫಿಯತ್ತುಗಳನ್ನು ಬರೆಸಿಕೊಳ್ಳುವ ಚಟ ಅವನಿಗಿತ್ತು. ಈಚೆಯ ದಡ ಪೇಶವೆಯರದು. ೧೮೦೦ರ ಜೂನ್ ತಿಂಗಳಲ್ಲಿ ಧೋಂಡಿಯ ವಾಘನ ಬೆನ್ನು ಹತ್ತಿ ಬಂದ ಆರ್ಥರ್ ವೆಲ್ಲೆಸ್ಲಿಯ ದಂಡು ಹೊಳೆಯನ್ನು ದಾಟಿ ರಾಣೆಬೆನ್ನೂರಿನ ಕೋಟೆಯನ್ನು ಹಿಡಿಯಿತು. ಆದರೆ ನೆಲ ಕಂಪನಿಯ ಕೈಸೇರಿದುದು ೧೮೧೭–೧೮ರಲ್ಲಿ. ಹೊಲಹೊಲವನ್ನು ಕ್ರಮವಾಗಿ ಅಳೆದುದು ಅದಕ್ಕೂ ಕಾಲು ಶತಮಾನ ತಡವಾಗಿ. ಒಂದೇ ಹೊಳೆಯ ಎರಡು ದಡಗಳಲ್ಲಿ ಬರೆಹದ ನೆನಪಿಗೆ ಒಂದು ತಲೆಮಾರಿಗೂ ಹೆಚ್ಚಿನ ಅಂತರ ಬಿದ್ದಿದೆ. ನಮ್ಮ ದಡಕ್ಕೆ ಬಂದ ಅಳತೆಗಾರರು ಗೆರೆಯನ್ನಷ್ಟೇ ಎಳೆದರು, ಕತೆಯನ್ನು ಕೇಳಲಿಲ್ಲ.

ಆ ಅಳತೆಯ ವಿಧಾನ ತಿಳಿಯಲು ತಕ್ಕದ್ದಾಗಿದೆ. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬಿಬ್ಬರು ೧೮೩೫ರಲ್ಲಿ ಪುಣೆಯ ಕಡೆಯ ಇಂದಾಪುರದಲ್ಲಿ ಆರಂಭಿಸಿದ ಪದ್ಧತಿಯು ೧೮೪೦ರ ದಶಕದಲ್ಲಿ ನಮ್ಮ ದಕ್ಷಿಣ ಮರಾಠಾ ಸೀಮೆಗೆ ಬಂದಿತು. ೧೮೪೭ರ ಜಂಟಿ ವರದಿಯಲ್ಲಿ ಅದರ ನಿಯಮಗಳು ನೆಲೆಗೊಂಡವು. ಮೂವತ್ತಮೂರು ಅಡಿಯ ಕಬ್ಬಿಣದ ಸರಪಳಿ, ಅದಕ್ಕೆ ಹದಿನಾರು ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲವಾದರೆ ಒಂದು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ಹೊಲದ ಮೂಲೆಗೆ ಬಾಂದಿನ ಕಲ್ಲು, ಕಲ್ಲಿನಿಂದ ಕಲ್ಲಿಗೆ ಬದು, ಬದುವಿನೊಳಗಣ ನೆಲಕ್ಕೆ ಒಂದು ಸರ್ವೆ ನಂಬರು. ಜಿರಾಯತವೋ ತರಿಯೋ ಬಾಗಾಯತವೋ ಎಂದು ನೋಡಿ, ಮಣ್ಣಿನ ಆಳವನ್ನು ತೂಗಿ, ಮೂವತ್ತು ವರ್ಷಕ್ಕೆ ಒಂದು ಆಕಾರ. ನೂರೆಂಬತ್ತು ವರ್ಷಗಳ ಹಿಂದಿನ ಆ ನಂಬರುಗಳೇ ಪೋಡಿಯಾಗಿ, ಹಿಸ್ಸೆಯಾಗಿ, ಇಂದಿನ ಪಹಣಿಯಲ್ಲಿ ನಿಂತಿವೆ. ಸರಪಳಿ ಎಳೆದವರ ಶ್ರದ್ಧೆಯನ್ನು ಮೆಚ್ಚದಿರಲಾಗದು.

ಆದರೆ ಅದರಿಂದ ಆದ ನಷ್ಟವೂ ಒಂದಿದೆ. ಅದಕ್ಕೆ ಮೊದಲು ಹೊಲಕ್ಕೆ ನಂಬರಿರಲಿಲ್ಲ, ಹೆಸರಿತ್ತು. ಹಳೆಯ ದಾನಶಾಸನಗಳನ್ನು ಓದಿದವರು ಬಲ್ಲರು: ಮತ್ತರಿನ ಲೆಕ್ಕದಲ್ಲಿ ನೆಲವನ್ನು ಕೊಟ್ಟು, ಮೂಡಲಿಗೆ ಯಾವ ಮರ, ತೆಂಕಲಿಗೆ ಯಾವ ಹಳ್ಳ, ಪಡುವಲಿಗೆ ಯಾರ ತೋಟ, ಬಡಗಲಿಗೆ ಯಾವ ನಟ್ಟ ಕಲ್ಲು ಎಂದು ಸುತ್ತುಹಾಕಿ ಹೇಳುತ್ತಾರೆ. ಅದು ಮಾತಿನಲ್ಲಿ ಬಿಡಿಸಿದ ನಕಾಶೆ. ರೈತನು ಒಂದು ದಿನದಲ್ಲಿ ಬಿತ್ತುವ ನೆಲವನ್ನು ಕೂರಿಗಿಯೆಂದು ಎಣಿಸುತ್ತಿದ್ದುದೂ ಹಾಗೆಯೇ. ಮಣ್ಣು ಬದಲಾದರೆ ಕೂರಿಗಿಯ ವಿಸ್ತಾರವೂ ಬದಲಾಗುತ್ತಿತ್ತು. ಸರ್ವೆಯವರು ಇದನ್ನೆಲ್ಲ ಅಂಕಿಗಿಳಿಸಿದರು. ಕುಂಬಾರಗುಂಡಿ ಹೋಗಿ ಮೂವತ್ತೇಳನೆಯ ನಂಬರಾಯಿತು. ಹುಣಸಿಮರದ ಪಟ್ಟಿ ಹೋಗಿ ನಲವತ್ತೆರಡಾಯಿತು. ಹೆಸರುಗಳು ಕಾಗದವನ್ನು ಬಿಟ್ಟು ಬಾಯಲ್ಲಿ ಮಾತ್ರ ಉಳಿದವು. ನಕಾಶೆ ಕಾಗದದ ಮೇಲೆ ಉಳಿಯುತ್ತದೆ. ಬಾಯಿ ಎಷ್ಟು ಕಾಲ ಉಳಿದೀತು?

ಊರಿನ ಹೆಸರುಗಳ ಪಾಡು ಇನ್ನೊಂದು ಬಗೆಯದು. ಅಂಗುಲದ ಹಾಳೆಗಳು ಇಂಗ್ಲಿಷಿನಲ್ಲಿ ಅಚ್ಚಾದವು. ಆ ಲಿಪಿಗೆ ಲಕಾರವೂ ಳಕಾರವೂ ಒಂದೇ, ದೀರ್ಘವೂ ಹ್ರಸ್ವವೂ ಒಂದೇ. ಹೆಸರಿನಲ್ಲಿ ಆ ಲಿಪಿಯ 'ಹಲ್' ಬಂದರೆ ಅದು ಹಾಳೋ, ಹಳೆಯದೋ, ಹಳ್ಳವೋ, ಹಾಲೋ? ಅಚ್ಚಿನಿಂದ ತಿಳಿಯುವ ಬಗೆಯಿಲ್ಲ. ಈ ತೊಡಕನ್ನು ಮೊದಲೇ ಕಂಡವರು ಜಾನ್ ಫೇತ್‌ಫುಲ್ ಫ್ಲೀಟ್ ಅವರು. ೧೮೬೭ರಲ್ಲಿ ಮುಂಬಯಿ ಇಲಾಖೆಯ ಸೇವೆಗೆ ಬಂದ ಈ ಅಧಿಕಾರಿ ಕನ್ನಡ ಶಾಸನಗಳ ಅಭ್ಯಾಸಕ್ಕೆ ಅಡಿಗಲ್ಲನ್ನಿಟ್ಟವರಲ್ಲಿ ಒಬ್ಬರು. ಶಾಸನದಲ್ಲಿ ಊರಿನ ಹೆಸರೊಂದು ಬಂದರೆ ಸಾಕು, ನಾಲ್ಕು ಮೈಲಿಗೆ ಒಂದು ಅಂಗುಲದ 'ಇಂಡಿಯನ್ ಅಟ್ಲಾಸ್' ಹಾಳೆಗಳನ್ನು ಅವರು ತೆರೆಯುತ್ತಿದ್ದರು. ಇಂಥ ಸಂಖ್ಯೆಯ ಹಾಳೆಯಲ್ಲಿ ಈ ಊರು ಹೀಗೆ ಅಚ್ಚಾಗಿದೆ, ಸರಿಯಾದ ರೂಪ ಇದು ಎಂದು ಎರಡನ್ನೂ ಕೊಡುತ್ತಿದ್ದರು. ಶಾಸನಗಳ ಗುತ್ತವೊಳಲು ಇಂದಿನ ಹಾವೇರಿ ಸೀಮೆಯ ಗುತ್ತಲವೆಂದೂ, ಗುತ್ತ ಮನೆತನದ ರಾಜಧಾನಿ ಅದೆಂದೂ ಅವರು ಕಾಣಿಸಿದರು. ಶಾಸನವನ್ನು ಒಂದು ಕೈಯಲ್ಲೂ ನಕಾಶೆಯನ್ನು ಇನ್ನೊಂದು ಕೈಯಲ್ಲೂ ಹಿಡಿಯುವ ಅಭ್ಯಾಸ ನಮ್ಮಲ್ಲಿ ಅವರಿಂದ ಬೆಳೆದಿದೆ. ಫ್ಲೀಟರ ತೀರ್ಮಾನಗಳನ್ನು ಉಲ್ಲೇಖಿಸುವವರು ಬಹಳ, ಅವರಂತೆ ಹಾಳೆ ಬಿಡಿಸಿ ಕೂಡುವವರು ಕಡಿಮೆ.

ನಕಾಶೆಗಳು ಸಿಕ್ಕುವುದಿಲ್ಲವೆಂಬ ನೆಪ ಈಗ ನಡೆಯುವಂತಿಲ್ಲ. ಹಿಂದೆ ಒಂದು ಹಾಳೆಗಾಗಿ ಅರ್ಜಿ ಬರೆದು ತಿಂಗಳುಗಟ್ಟಲೆ ಕಾಯಬೇಕಾಗಿತ್ತು. ೨೦೧೭ರಲ್ಲಿ ಸರ್ವೆ ಆಫ್ ಇಂಡಿಯಾದವರು ಐವತ್ತು ಸಾವಿರಕ್ಕೆ ಒಂದರ ಅಳತೆಯ ಹೊಸ ಹಾಳೆಗಳನ್ನು ಅಂತರಜಾಲದಲ್ಲಿ ಸಾರ್ವಜನಿಕರಿಗೆ ತೆರೆದರು. ಕರ್ನಾಟಕದ ಭೂಮಾಪನ ಇಲಾಖೆಯ ಗ್ರಾಮ ನಕಾಶೆಗಳೂ ಹಾಗೆಯೇ ದೊರೆಯುತ್ತವೆ. 'ದಿಶಾಂಕ್' ಎಂಬ ಸಾಧನವು ಹೊಲದಲ್ಲಿ ನಿಂತವನಿಗೆ ನಿಂತ ನೆಲದ ಸರ್ವೆ ನಂಬರನ್ನೇ ಹೇಳುತ್ತದೆ. ಅಮೆರಿಕದ ಸೈನ್ಯದವರು ೧೯೫೦ರ ದಶಕದಲ್ಲಿ ನಮ್ಮ ಹಳೆಯ ಹಾಳೆಗಳನ್ನು ಆಧರಿಸಿ ಸಣ್ಣ ಅಳತೆಯಲ್ಲಿ ಅಚ್ಚುಮಾಡಿಸಿದ ನಕಾಶೆಗಳನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಜಗತ್ತಿಗೇ ತೋರಿಸುತ್ತಿದೆ. ಹಾವೇರಿಯ ಹಳ್ಳವನ್ನು ಹಾವೇರಿಯವನು ಟೆಕ್ಸಾಸಿನಿಂದ ತರಿಸಿಕೊಂಡು ನೋಡುವ ಕಾಲ! ಹೊಸ ಹಾಳೆಯನ್ನೂ ಹಳೆಯದನ್ನೂ ಪಕ್ಕಪಕ್ಕದಲ್ಲಿಡಬೇಕು. ಹಳೆಯದರಲ್ಲಿ ಇಲ್ಲದ ತುಂಗಾ ಮೇಲ್ದಂಡೆಯ ಕಾಲುವೆ ಹೊಸದರಲ್ಲಿ ಬಂದಿದೆ. ಹಳೆಯದರಲ್ಲಿದ್ದ ಎಷ್ಟೋ ನೀಲಿ ಚುಕ್ಕೆಗಳು ಹೊಸದರಲ್ಲಿ ಮಾಯವಾಗಿವೆ.

ಆ ನೀಲಿ ಚುಕ್ಕೆಗಳು ಕೆರೆಕಟ್ಟೆಗಳು. ಈ ಸೀಮೆಯ ಊರ ಹೆಸರುಗಳೇ ನೀರಿನ ಲೆಕ್ಕವನ್ನು ಹೇಳುತ್ತವೆ: ತುಮ್ಮಿನಕಟ್ಟಿ, ಹುಣಸಿಕಟ್ಟಿ, ಆಲದಕಟ್ಟಿ. ಹಾವೇರಿಯ ಹೆಗ್ಗೇರಿಯಂಥ ದೊಡ್ಡ ಕೆರೆಗೆ ಹೆಸರಿದೆ, ಹೇಳಿಕೊಳ್ಳುವವರಿದ್ದಾರೆ. ಸಣ್ಣ ಕಟ್ಟೆಗೆ ನಕಾಶೆಯೊಂದೇ ಸಾಕ್ಷಿ. ಗ್ರಾಮ ನಕಾಶೆಯಲ್ಲಿ ಏರಿಯ ಗೆರೆ ಬಿಲ್ಲಿನಂತೆ ಬಾಗಿರುತ್ತದೆ, ಅದರ ಕೆಳಗೆ ತರಿಯ ಸಣ್ಣ ಸಣ್ಣ ಮಡಿಗಳು ಹಲ್ಲುಗಳಂತೆ ಜೋಡಿಸಿಕೊಂಡಿರುತ್ತವೆ. ನಾಳೆ ನೀರು ಬತ್ತಿದರೂ, ಏರಿ ಸವೆದರೂ, ಆ ಮಡಿಗಳ ಆಕಾರ ನೋಡಿ ಇಲ್ಲಿ ಕೆರೆಯಿತ್ತೆಂದು ಹೇಳಬಹುದು. ನಾನು ಬಲ್ಲ ಒಂದು ಪಟ್ಟಣದಲ್ಲಿ ಅಂಥ ಬಿಲ್ಲಿನೊಳಗೆ ಇಂದು ಮನೆಗಳ ಸಾಲುಗಳಿವೆ. ಮಳೆ ಹೆಚ್ಚಾದ ವರ್ಷ ನೀರು ತನ್ನ ಹಳೆಯ ಮನೆಯನ್ನು ಹುಡುಕಿಕೊಂಡು ಬರುತ್ತದೆ. ಜನ ಚರಂಡಿಯನ್ನು ಬಯ್ಯುತ್ತಾರೆ. ಕೆರೆಗಳ ಸಂರಕ್ಷಣೆಗೆಂದು ೨೦೧೪ರಲ್ಲಿ ರಾಜ್ಯವು ಕಾಯಿದೆಯನ್ನೇ ಮಾಡಿತು. ಒತ್ತುವರಿಯ ಪ್ರಶ್ನೆ ಬಂದಾಗ ಅಧಿಕಾರಿಯೂ ಕೊನೆಗೆ ಬಿಡಿಸುವುದು ಅದೇ ಹಳೆಯ ಗ್ರಾಮ ನಕಾಶೆಯನ್ನು.

ಇಷ್ಟೆಲ್ಲ ಹೇಳಿದುದು ಒಂದು ಮಾತಿಗಾಗಿ. ನಮ್ಮ ಕಂದಾಯದ ಪಟ್ಟಿಗಳಲ್ಲಿ 'ಬೇಚಿರಾಗ್' ಎಂಬ ಶಬ್ದವೊಂದಿದೆ. ಬಾಯಲ್ಲಿ ಅದು ಬೇಚರಾಕ್ ಆಗಿದೆ. ಪಾರಸಿಯಲ್ಲಿ ಚಿರಾಗ್ ಎಂದರೆ ದೀಪ, ಬೇಚಿರಾಗ್ ಎಂದರೆ ದೀಪವಿಲ್ಲದ್ದು. ಜನ ವಾಸಿಸದ ಊರಿಗೆ ಕಂದಾಯದ ಗುಮಾಸ್ತರು ಇಷ್ಟು ಕರುಣಾಜನಕವಾದ ಹೆಸರನ್ನಿಟ್ಟುದು ಹೇಗೋ ತಿಳಿಯದು. ಊರಿನಲ್ಲಿ ದೀಪ ಹಚ್ಚುವವರಿಲ್ಲ. ಆದರೆ ಊರಿಗೆ ಹೆಸರುಂಟು, ಗಡಿಯುಂಟು, ತನ್ನದೇ ಆದ ಒಂದನೆಯ ನಂಬರಿನಿಂದ ಹಿಡಿದು ಹೊಲಗಳ ಸಾಲುಂಟು. ಸರಕಾರಕ್ಕೆ ಊರೆಂದರೆ ದೀಪವಲ್ಲ, ಕಂದಾಯ. ೨೦೧೧ರ ಜನಗಣತಿಯಲ್ಲಿಯೂ ಕರ್ನಾಟಕದಲ್ಲಿ ಇಂಥ ಊರುಗಳು ಎರಡು ಸಾವಿರಕ್ಕೆ ಹತ್ತಿರ ಇದ್ದವು.

ರಾಣೆಬೆನ್ನೂರು ಸೀಮೆಯ, ತುಂಗಭದ್ರೆಗೆ ದೂರವಲ್ಲದ ಅಂಥ ಒಂದು ಊರನ್ನು ಹುಡುಕಿಕೊಂಡು ಕೆಲವು ವರ್ಷಗಳ ಹಿಂದೆ ನಾಲ್ವರು ವಿದ್ಯಾರ್ಥಿಗಳೊಡನೆ ಹೋಗಿದ್ದೆ. ಊರಿನ ಹೆಸರನ್ನು ಬರೆಯುವುದಿಲ್ಲ. ಅದರ ಗಡಿಯ ಮೇಲೆ ವ್ಯಾಜ್ಯವಿದೆ, ಈ ಲೇಖನವನ್ನು ಯಾರಾದರೂ ವಕೀಲರಿಗೆ ಒಯ್ದಾರು. ಹಾಳೆಯ ಮೇಲೆ ಅದು ನನ್ನ ಕಣ್ಣಿಗೆ ಬಿದ್ದುದು ಒಂದು ವಿಚಿತ್ರದಿಂದ: ಐದು ದಿಕ್ಕಿನಿಂದ ಕಾಲುದಾರಿಗಳು ಬಂದು ಒಂದು ಕಡೆ ಕೂಡುತ್ತವೆ, ಕೂಡಿದಲ್ಲಿ ಊರಿಲ್ಲ. ದಾರಿಗಳು ಶೂನ್ಯಕ್ಕೆ ಹೋಗುವುದಿಲ್ಲ. ಗ್ರಾಮ ನಕಾಶೆಯನ್ನು ತೆಗೆದು ನೋಡಿದರೆ ಅದೇ ಜಾಗದಲ್ಲಿ ನಂಬರಿಲ್ಲದ ಒಂದು ತುಂಡು, ಗಾಂವಠಾಣ; ಅದರ ಪಕ್ಕಕ್ಕೆ ಬಾವಿಯ ಗುರುತು.

ಹೋಗಿ ನೋಡಿದರೆ ಮೆಕ್ಕೆಜೋಳದ ಹೊಲ. ನಡುವೆ ಸ್ವಲ್ಪ ಉಬ್ಬಿದ ನೆಲ, ಮಣ್ಣಿನ ಬಣ್ಣ ಬೂದಿ ಕಲಸಿದಂತೆ. ಹೂಳು ತುಂಬಿದ ಬಾವಿ, ಮೂರು ಹುಣಸೆಮರ, ಬಯಲಲ್ಲಿ ಸಿಂದೂರ ಮೆತ್ತಿದ ಹನುಮಪ್ಪ. ನಮ್ಮ ಕಡೆ ಊರು ಇದ್ದು ಹಾಳಾದ ಜಾಗದ ಮಣ್ಣಿಗೆ ಹಾಳಮಣ್ಣೆಂದು ಹೆಸರು. ಗೊಬ್ಬರವಾಗುತ್ತದೆಂದು ರೈತರು ಅದನ್ನು ಬಂಡಿಗೆ ತುಂಬಿ ಒಯ್ಯುತ್ತಾರೆ. ಮಡಕೆಯ ಚೂರುಗಳೂ ಅದರೊಡನೆ ಹೋಗುತ್ತವೆ. ಹೀಗೆ ಒಂದು ಊರು ಸುತ್ತಣ ಹೊಲಗಳಿಗೆಲ್ಲ ಹಂಚಿಹೋಗುತ್ತದೆ.

ಹೊಲದ ಒಡೆಯರಾದ ಮುದುಕರು ಮೊದಲು ನಮ್ಮನ್ನು ಸರ್ವೆಯವರೆಂದು ತಿಳಿದು ಬಿರುಸಾಗಿಯೇ ಮಾತಾಡಿದರು. ಮಾಸ್ತರರೆಂದು ತಿಳಿದ ಮೇಲೆ ಹುಣಸೆಮರದ ನೆರಳಿಗೆ ಕರೆದರು.

"ಈ ಊರು ಯಾಕ ಹಾಳಾತು, ಅಜ್ಜಾರ?" ಎಂದು ಕೇಳಿದೆ.

"ನಮ್ಮಜ್ಜನ ಅಜ್ಜನ ಕಾಲಕ್ಕ ಬ್ಯಾನಿ ಬಂದು ಮಂದಿ ಎದ್ದು ಹೋದ್ರಂತ ಹೇಳತಿದ್ರು, ಮಾಸ್ತರ. ಕೆಲವ್ರು ಬರ ಬಿದ್ದಿತ್ತು ಅಂತಾರ. ಮಂದಿ ಹೋದ್ರು, ಹನುಮಪ್ಪ ಮಾತ್ರ ಏಳಲಿಲ್ಲ ನೋಡ್ರಿ. ವರ್ಷಕ್ಕೊಮ್ಮೆ ನಾವ ಬಂದು ಎಡಿ ಹಿಡಿತೀವಿ."

ಬೇನೆಯೋ ಬರವೋ? ೧೭೯೧–೯೨ರ ಘೋರವಾದ ಕ್ಷಾಮ ಈ ಸೀಮೆಯನ್ನು ಬಡಿದಿತ್ತು. ೧೮೭೬–೭೮ರದು ಮತ್ತೊಮ್ಮೆ ಬಡಿಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ಲೇಗು ಬಂದಿತು. ನಕಾಶೆ ಇದರಲ್ಲಿ ಯಾವುದನ್ನೂ ಹೇಳುವುದಿಲ್ಲ. ಆದರೆ ಮೂಲ ಅಳತೆಯ ಕಾಗದದಲ್ಲಿಯೇ ಊರು ಬೇಚಿರಾಗ್ ಎಂದಿದ್ದರೆ ಕೊನೆಯ ಎರಡನ್ನು ಬಿಟ್ಟುಬಿಡಬಹುದು, ಇಲ್ಲದಿದ್ದರೆ ಮೊದಲನೆಯದನ್ನು. ಇಂಥ ಸಣ್ಣ ತರ್ಕಕ್ಕೆ ಎಡೆಮಾಡಿಕೊಡುವುದೇ ನಕಾಶೆಯ ಉಪಕಾರ. ಮಿಕ್ಕುದನ್ನು ಹುಣಸೆಮರದ ಕೆಳಗೇ ಕೇಳಬೇಕು.

ಆ ದಿನ ಗ್ರಾಮ ನಕಾಶೆಯ ದೊಡ್ಡ ಪ್ರತಿಯೊಂದನ್ನು ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು, ಒಂದೊಂದು ನಂಬರನ್ನು ತೋರಿಸುತ್ತ ಹೆಸರು ಕೇಳಿದೆವು. ಮುದುಕರಿಗೆ ಓದು ಬಾರದು. ಆದರೆ ಬಾವಿ ಇಲ್ಲಿ, ಹನುಮಪ್ಪ ಇಲ್ಲಿ ಎಂದು ಎರಡು ಗುರುತು ಹಿಡಿದುಕೊಟ್ಟ ಕೂಡಲೆ ಅವರ ಬೆರಳು ಬದುವಿನಿಂದ ಬದುವಿಗೆ ತಾನಾಗಿ ನಡೆಯತೊಡಗಿತು. ಗುಡಿಹೊಲ, ಬಡಿಗ್ಯಾರ ಪಟ್ಟಿ, ಹಾಳಬಾವಿ ಹೊಲ, ಕುಂಬಾರಗುಂಡಿ. ಕುಂಬಾರರೂ ಬಡಿಗರೂ ಈಗ ಅಲ್ಲಿಲ್ಲ. ಅವರಿದ್ದರೆಂಬುದಕ್ಕೆ ಆ ಬೆರಳೊಂದೇ ದಾಖಲೆ. ವಿದ್ಯಾರ್ಥಿಗಳು ಹೆಸರುಗಳನ್ನು ನಂಬರುಗಳ ಮೇಲೆ ಬರೆದುಕೊಂಡರು. ಅಪ್ಪನ ಜೊತೆಗೆ ಬುತ್ತಿ ತಂದಿದ್ದ ಮಗ ಪಕ್ಕದಲ್ಲೇ ನಿಂತಿದ್ದನು. ಅವನಿಗೆ ತಮ್ಮ ಹೊಲದ ನಂಬರು ಚೆನ್ನಾಗಿ ಗೊತ್ತಿತ್ತು, ಹೆಸರುಗಳಲ್ಲಿ ಎರಡು ಮಾತ್ರ ಗೊತ್ತಿದ್ದವು.

ಗಡಿಗೆ ತಾಗಿದ ಒಂದು ನಂಬರಿಗೆ ಮುದುಕರು 'ಅಂಗಡಿ ಹೊಲ' ಎಂದರು. ಸುತ್ತ ಎರಡು ಮೈಲಿಗೆ ಮನೆಯಿಲ್ಲ; ಹಾಳಾದ ಊರೂ ಅಲ್ಲಿಂದ ದೂರ. ಅಲ್ಲಿ ಯಾರ ಅಂಗಡಿ? "ಅದು ನಮಗೂ ತಿಳೀದ್ರಿ, ಹಂಗ ಅಂತಾರ ಅಷ್ಟ," ಎಂದರು. ಸಂಜೆ ಮನೆಗೆ ಬಂದು ಅಂಗುಲದ ಹಳೆಯ ಹಾಳೆಯ ಮೇಲೆ ಆ ಜಾಗವನ್ನು ಗುರುತು ಹಾಕಿದಾಗ, ಬಂಡಿದಾರಿಯ ತುಂಡುಗೆರೆಯೊಂದು ಸರಿಯಾಗಿ ಆ ಹೊಲದ ಮೇಲೆ ಹಾಯ್ದಿತ್ತು. ಬೆರಳಿನಿಂದ ಅದನ್ನು ಹಿಡಿದು ಮುಂದಕ್ಕೆ ಹೋದೆ. ಎರಡು ಹಳ್ಳಗಳನ್ನು ದಾಟಿ, ಒಂದು ದಿನ್ನೆಯನ್ನು ಬಳಸಿ, ಅದು ತುಂಗಭದ್ರೆಯ ದಡಕ್ಕೆ ಇಳಿಯುತ್ತದೆ. ಇಳಿದಲ್ಲಿ ಹೊಳೆ ದಾಟುವ ಕಡವೆಂದು ಸಣ್ಣಕ್ಷರದಲ್ಲಿ ಅಚ್ಚಾಗಿದೆ. ಆಚೆಯ ದಡದಲ್ಲಿ ಅದೇ ತುಂಡುಗೆರೆ ಮತ್ತೆ ಮೊದಲಾಗುತ್ತದೆ.